ಹುಳಿ ಇಲ್ಲದ ಪತ್ರೊಡೆಯ ನೇರಪ್ರಸಾರ

ನಮ್ಮ ರೇಡಿಯೋ ಕೇಂದ್ರದ ಹೆಸರು ಇಲ್ಲಿ ಬೇಡ. ಮಣಿಪಾಲದಿಂದ ಸ್ವಲ್ಪ ಆಚೆಗೆ, ಸರ್ಕಾರದ ದುಡ್ಡಿನಲ್ಲಿ ನಡೆಯುವ ಒಂದು ಸಣ್ಣ ಕೇಂದ್ರ ಎಂದರೆ ಸಾಕು. ಕಾಪುವಿನ ಕಡಲ ಬದಿಯಿಂದ ಕಾರ್ಕಳದವರೆಗೆ ನಮ್ಮ ದನಿ ಕೇಳುತ್ತದೆ, ಟ್ರಾನ್ಸ್‌ಮಿಟರ್ ಬಿಸಿಯಾಗದಿದ್ದರೆ. ಆಗ ಅದು ಹೆಚ್ಚಿನ ದಿನ ಮಧ್ಯಾಹ್ನದ ಹೊತ್ತಿಗೆ ಬಿಸಿಯಾಗುತ್ತಿತ್ತು. ಅದನ್ನಿಟ್ಟ ಕೋಣೆಯ ಎ.ಸಿ. ಕೆಟ್ಟು ವರ್ಷಗಳಾಗಿದ್ದವು. ಹೊಸದಕ್ಕೆ ಅನುದಾನ ಕೊಡಿ ಎಂದು ಬರೆದಾಗಲೆಲ್ಲ, ಕೇಳುಗರು ಎಷ್ಟಿದ್ದಾರೆ ತಿಳಿಸಿ ಎಂದು ಮೇಲಿನಿಂದ ಉತ್ತರ ಬರುತ್ತಿತ್ತು. ಮಧ್ಯಾಹ್ನ ಪ್ರಸಾರವೇ ನಿಂತುಹೋಗುವಾಗ ಕೇಳುಗರು ಎಲ್ಲಿಂದ ಬರಬೇಕು?

ನಾನು ಅಲ್ಲಿ ಅರೆಕಾಲಿಕ ಉದ್ಘೋಷಕಿ. ಕಟಪಾಡಿಯಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದೆ. ವಾರಕ್ಕೊಮ್ಮೆ ಬೆಳಿಗ್ಗೆ ಅಡುಗೆಯ ಕಾರ್ಯಕ್ರಮ ನನ್ನದು. ಜೊತೆಗೆ ಕಾರ್ಕಳ ಕಡೆಯ ಒಬ್ಬರು ಬಾಯಿ ಇದ್ದರು. ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಹಾಗೆಯೇ ಕರೆಯುವುದು. ಇವರ ವಿಷಯದಲ್ಲಿ ಆ ಶಬ್ದದ ಎರಡೂ ಅರ್ಥ ಹೊಂದುತ್ತಿತ್ತು. ಕುವೈತಿನಲ್ಲಿ ಬಹಳ ಕಾಲ ಇದ್ದು ಊರಿಗೆ ಮರಳಿದವರು, ಯಾರಿಗೂ ಹೆದರುತ್ತಿರಲಿಲ್ಲ. ಅವರು ಮನೆಯಲ್ಲಿ ಒಂದು ತಿಂಡಿ ಮಾಡಿ ತರುವುದು, ಅತಿಥಿಗಳು ಅದರ ಕ್ರಮ ಹೇಳುವುದು, ಕೊನೆಗೆ ಮೈಕಿನ ಮುಂದೆಯೇ ರುಚಿ ನೋಡುವುದು, ಇದು ಕಾರ್ಯಕ್ರಮದ ಪದ್ಧತಿ. ಕೇಳುಗರು ಫೋನು ಮಾಡಿ ತಗಾದೆ ಎಬ್ಬಿಸುವುದು ಅದರ ಜೀವಾಳ.

ಒಂದು ಮಳೆಗಾಲ ನಮ್ಮ ಸಲಹಾ ಸಮಿತಿಗೆ ಹೊಸ ಸದಸ್ಯರೊಬ್ಬರನ್ನು ನೇಮಿಸಿದರು. ಆಳುವ ಪಕ್ಷದ ಸ್ಥಳೀಯ ನಾಯಕರು. ಮೊದಲ ಸಭೆಯಲ್ಲೇ ಅವರು ಬೆವರು ಒರೆಸಿಕೊಳ್ಳುತ್ತಾ, "ಎ.ಸಿ. ಒಂದು ದೊಡ್ಡ ವಿಷಯವಾ? ದೆಹಲಿಯಲ್ಲಿ ನಾನೊಂದು ಮಾತು ಹೇಳಿದರೆ ಆಯಿತು" ಎಂದರು. ಆಮೇಲೆ, ಚಹಾ ಕುಡಿದಾದ ಮೇಲೆ, ತಮಗೂ ರೇಡಿಯೋದಲ್ಲಿ ಜನರ ಹತ್ತಿರ ಮಾತಾಡಬೇಕೆಂಬ ಆಸೆ ಬಹಳ ಹಿಂದಿನಿಂದ ಉಂಟು ಎಂದರು.

ನಮ್ಮ ಕೇಂದ್ರದ ಮುಖ್ಯಸ್ಥರು ನಿವೃತ್ತಿಗೆ ಹತ್ತಿರವಾದ, ನಿಯಮಗಳ ಮೇಲೆ ಬಹಳ ಪ್ರೀತಿಯಿದ್ದ ಮನುಷ್ಯ. ಪಕ್ಷದವರಿಗೆ ಹೀಗೆ ಭಾಷಣಕ್ಕೆ ಅವಕಾಶ ಕೊಡುವಂತಿಲ್ಲ ಎಂಬುದು ಅವರಿಗೆ ಗೊತ್ತು. ಎ.ಸಿ. ಇಲ್ಲದೆ ಇನ್ನೊಂದು ಬೇಸಿಗೆ ದಾಟುವುದಿಲ್ಲ ಎಂಬುದೂ ಗೊತ್ತು. ಎರಡು ದಿನ ಹೊಟ್ಟೆನೋವು ಬಂದವರ ಹಾಗೆ ಓಡಾಡಿ, ಮೂರನೆಯ ದಿನ ನನ್ನನ್ನು ಕರೆದರು.

"ಅಡುಗೆಗೆ ಪಕ್ಷ ಉಂಟಾ?" ಎಂದು ಕೇಳಿದರು.

"ಇಲ್ಲ ಸರ್."

"ಹಾಗಾದರೆ ಅವರು ನಿಮ್ಮ ಕಾರ್ಯಕ್ರಮಕ್ಕೆ ಬರುತ್ತಾರೆ. ಪತ್ರೊಡೆ ಮಾಡುತ್ತಾರಂತೆ."

ನನಗೆ ನಗು ತಡೆಯಲಿಲ್ಲ. ಅವರು ನಗಲಿಲ್ಲ. "ನೋಡಿ, ಇದು ಅನುದಾನದ ಪ್ರಶ್ನೆ. ಅವರು ಹೇಗೆ ಹೇಳುತ್ತಾರೋ ಹಾಗೆಯೇ ಆಗಬೇಕು. ಒಂದಕ್ಷರ ಆಚೀಚೆ ಮಾಡಬೇಡಿ. ಬಾಯಿಯವರಿಗೂ ಹೇಳಿ."

ಹೇಳಿದೆ. ಬಾಯಿ ನನ್ನೆದುರೇ ನಾಯಕರಿಗೆ ಫೋನು ಮಾಡಿ, ಸ್ಪೀಕರ್ ಹಾಕಿ, ಏನೇನು ಹಾಕಬೇಕೆಂದು ಕೇಳಿದರು.

"ಕೆಸುವಿನ ಎಲೆ, ಅಕ್ಕಿ, ತೆಂಗಿನಕಾಯಿ, ಮೆಣಸು, ಬೆಲ್ಲ. ಅಷ್ಟೇ" ಎಂದಿತು ಆ ಕಡೆಯ ದನಿ.

"ಹುಳಿ?"

"ಹುಳಿ ಬೇಡ. ನನಗೆ ಗ್ಯಾಸ್ಟ್ರಿಕ್ ಉಂಟು."

ಬಾಯಿ ನನ್ನ ಮುಖ ನೋಡಿದರು. ಹುಣಸೆಹುಳಿ ಹಾಕದಿದ್ದರೆ ಕೆಸುವಿನ ಎಲೆ ಗಂಟಲು ತುರಿಸುತ್ತದೆ ಎಂಬುದು ನಮ್ಮ ಕರಾವಳಿಯಲ್ಲಿ ಒಮ್ಮೆಯಾದರೂ ಅಡುಗೆಮನೆಗೆ ಕಾಲಿಟ್ಟವರಿಗೆಲ್ಲ ಗೊತ್ತು.

"ಸ್ವಲ್ಪವಾದರೂ ಹಾಕುವುದಾ?" ಎಂದು ಬಾಯಿ ಮತ್ತೆ ಕೇಳಿದರು.

"ನಾನು ಹೇಳಿದ ಹಾಗೆ ಮಾಡಿ ಅಮ್ಮ. ಇದು ನಮ್ಮ ಮನೆಯ ಕ್ರಮ."

ಫೋನು ಇಟ್ಟ ಬಾಯಿ ಗಂಭೀರವಾಗಿ ಕೊಡೆ ಎತ್ತಿಕೊಂಡು ಬಸ್ಸಿಗೆ ಹೊರಟರು.

ಆ ದಿನ ನಾಯಕರು ಬಿಳಿ ಅಂಗಿಗೆ ಗಂಜಿ ಹಾಕಿಸಿಕೊಂಡು, ರೇಡಿಯೋದಲ್ಲಿ ಕಾಣುವುದಿಲ್ಲ ಎಂಬುದನ್ನು ಮರೆತವರ ಹಾಗೆ ಬಂದರು. ಹಿಂದೆ ಒಂದು ಕಾರು ತುಂಬ ಜನ. ಅವರನ್ನೆಲ್ಲ ಹೊರಗೆ ಕೂರಿಸಿ ಕೆಂಪು ದೀಪ ಹೊತ್ತಿಸಿದೆವು.

"ಮೊದಲು ಎಲೆಯನ್ನು ತೊಳೆಯಬೇಕು" ಎಂದು ನಾಯಕರು ಸುರು ಮಾಡಿದರು. "ತೊಳೆಯಲಿಕ್ಕೆ ನೀರು ಬೇಕು. ಆ ನೀರು ನಿಮ್ಮ ಮನೆಯ ನಳ್ಳಿಗೆ ಹೇಗೆ ಬಂತು? ನಮ್ಮ ಸರ್ಕಾರದ..."

"ಬಂತಲ್ಲ, ಸಾಕು" ಎಂದರು ಬಾಯಿ. "ಎಲೆ ತೊಳೆದಾಯಿತು. ಮುಂದೆ?"

"ಅಕ್ಕಿ ನೆನೆಸಬೇಕು. ಅಕ್ಕಿ ಎಂದಾಗ ನೆನಪಾಗುತ್ತದೆ, ನಮ್ಮ ಸರ್ಕಾರ..."

"ಬೆಳ್ತಿಗೆಯಾ, ಕುಚ್ಚಲಕ್ಕಿಯಾ?"

"ಎರಡೂ. ನಾವು ಭೇದ ಮಾಡುವುದಿಲ್ಲ."

"ಹಬೆಯಲ್ಲಿ ಎಷ್ಟು ಹೊತ್ತು ಇಡಬೇಕು?"

"ಅದನ್ನು ನಮ್ಮ ಮನೆಯವರು ನೋಡಿಕೊಳ್ಳುತ್ತಾರೆ."

ಗಾಜಿನ ಆಚೆ ಮುಖ್ಯಸ್ಥರು ಎರಡೂ ಕೈಗಳಿಂದ ತಲೆ ಹಿಡಿದುಕೊಂಡಿದ್ದರು. ನಾನು ಆ ಕಡೆ ನೋಡುವುದನ್ನೇ ಬಿಟ್ಟೆ.

ರುಚಿ ನೋಡುವ ಹೊತ್ತು ಬಂತು. ಬಾಯಿ ಡಬ್ಬಿ ತೆರೆದರು. ಬಾಳೆಲೆಯ ಮೇಲೆ ಪತ್ರೊಡೆಯ ತುಂಡುಗಳು, ಮೇಲೆ ತೆಂಗಿನೆಣ್ಣೆ. ನೋಡಲಿಕ್ಕೆ ಬಹಳ ಚಂದ ಇತ್ತು. ನಾಯಕರು ಒಂದು ತುಂಡು ತಿಂದು, "ಆಹಾ, ಅಚ್ಚುಕಟ್ಟು" ಎಂದು ಇನ್ನೊಂದನ್ನೂ ತಿಂದರು. ನನಗೂ ಕೊಡಲು ಬಂದರು. ನನಗೆ ಇವತ್ತು ಉಪವಾಸ ಎಂದೆ. ಆಗಷ್ಟೇ ಮಣಿಪಾಲದಲ್ಲಿ ಎರಡು ಬನ್ಸ್ ತಿಂದು ಬಂದಿದ್ದೆ.

ಕೆಸುವಿನ ತುರಿಕೆ ತಕ್ಷಣ ಬರುವುದಿಲ್ಲ. ಅವರಿಗೆ ಮೈಕು ಹತ್ತಿರ ಎಳೆದುಕೊಳ್ಳುವಷ್ಟು ಸಮಯ ಸಿಕ್ಕಿತು. ದನಿ ಬದಲಿಸಿ, "ಪ್ರಿಯ ಬಾಂಧವರೇ, ಮುಂದಿನ ಐದು ವರ್ಷಗಳಲ್ಲಿ..." ಎಂದರು. ನಿಂತರು. ಕೆಮ್ಮಿದರು. "ಮುಂದಿನ ಐದು..." ಎಂದರು. ಮತ್ತೆ ಕೆಮ್ಮಿದರು. ಕುತ್ತಿಗೆಗೆ ಕೈ ಹೋಯಿತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

"ನಾನು ಅಂಬಲಪಾಡಿಯಿಂದ" ಎಂದಳು ಒಬ್ಬ ಹೆಂಗಸು. "ಅದಕ್ಕೆ ಹುಳಿ ಹಾಕಿದ್ದೀರಾ ಇಲ್ಲವಾ, ಮೊದಲು ಅದು ಹೇಳಿ."

"ಅತಿಥಿಗಳು ಬೇಡ ಅಂದರು" ಎಂದರು ಬಾಯಿ.

"ಅಯ್ಯೋ ದೇವರೇ! ಅವರಿಗೆ ಬೇಗ ಒಂದು ತುಂಡು ಬೆಲ್ಲ ಕೊಡಿ ಮಾರಾಯ್ತಿ!"

ಮುಂದಿನ ಕರೆ ಕಾಪುವಿನ ಒಬ್ಬ ಬ್ಯಾರಿ ವ್ಯಾಪಾರಿಯದು. ಮಜ್ಜಿಗೆಯೇ ಆಗಬೇಕು, ಬೆಲ್ಲದಿಂದ ಎಂತದೂ ಆಗುವುದಿಲ್ಲ ಎಂದು ಅವರ ವಾದ. ಅದಾದ ಮೇಲೆ ಕಡಿಯಾಳಿಯ ಅಜ್ಜಿಯೊಬ್ಬರು ನಾಯಕರನ್ನೇ ಮಾತಿಗೆ ಕರೆದು, "ಮಗಾ, ಅಷ್ಟೂ ಗೊತ್ತಾಗುವುದಿಲ್ಲವಾ ನಿನಗೆ?" ಎಂದು ಬೈದರು. ನಾಯಕರು ಕೈ ಮುಗಿದರು. ಮಾತು ಹೊರಡುತ್ತಿರಲಿಲ್ಲ.

ಹಾಡು ಹಾಕು, ಹಾಡು ಹಾಕು ಎಂದು ಮುಖ್ಯಸ್ಥರು ಗಾಜಿನಾಚೆಯಿಂದ ಸನ್ನೆ ಮಾಡುತ್ತಿದ್ದರು. ನನಗೆ ಅದು ಅರ್ಥವಾಗಲು ಸ್ವಲ್ಪ ಹೆಚ್ಚೇ ಹೊತ್ತು ಹಿಡಿಯಿತು.

ಅವರ ಕಾರು ಗುಡ್ಡ ಇಳಿದ ಮೇಲೆ ಮುಖ್ಯಸ್ಥರು ನಮ್ಮಿಬ್ಬರನ್ನೂ ಕರೆದರು. "ಹೋಯಿತು. ನಮ್ಮ ಎ.ಸಿ. ಹೋಯಿತು. ಯಾಕೆ ಹೀಗೆ ಮಾಡಿದಿರಿ?"

ಬಾಯಿ ಡಬ್ಬಿಯ ಮುಚ್ಚಳ ಒತ್ತುತ್ತಾ, "ಎಂತ ಮಾಡಿದೆ? ಅವರು ಹೇಳಿದ ಹಾಗೆಯೇ ಮಾಡಿದೆ. ಒಂದಕ್ಷರ ಆಚೀಚೆ ಮಾಡಲಿಲ್ಲ. ಸರ್ಕಾರಿ ರೇಡಿಯೋ ಅಲ್ವಾ ಸಾರ್?" ಎಂದರು.

ಮುಖ್ಯಸ್ಥರು ನೀರು ಕುಡಿದರು.

ಆಮೇಲಿನ ಕೆಲವು ದಿನ ಅವರು ಫೋನು ಬಂದರೆ ಎದ್ದು ನಿಂತು ಎತ್ತುತ್ತಿದ್ದರು. ನನಗೂ ಒಳಗೊಳಗೆ ಅಳುಕಿತ್ತು. ಅರೆಕಾಲಿಕರನ್ನು ತೆಗೆಯಲು ಕಾರಣವೇ ಬೇಕಿಲ್ಲ, ನಾಳೆ ಬರಬೇಡಿ ಎಂದರೆ ಮುಗಿಯಿತು. ಹೀಗಿರುವಾಗ ಒಂದು ಬೆಳಿಗ್ಗೆ ನಾಯಕರು ತಾವೇ ಬಂದರು. ಹಿಂದೆ ಕಾರು ತುಂಬ ಜನ ಇರಲಿಲ್ಲ. ಬಾಗಿಲಲ್ಲೇ ನಿಂತು, "ಬಾಯಿಯವರು ಇಲ್ಲವಾ?" ಎಂದರು. ಇನ್ನೂ ಬಂದಿಲ್ಲ ಎಂದು ಕುರ್ಚಿ ಎಳೆದು ಕೊಟ್ಟೆ.

ಕೂತು ಹೇಳಿದರು: "ನಿನ್ನೆ ಕಾರ್ಕಳದಲ್ಲಿ ಒಂದು ಮದುವೆಗೆ ಹೋಗಿದ್ದೆ. ಇಷ್ಟು ವರ್ಷ ಭಾಷಣ ಮಾಡಿದ್ದೇನೆ, ನೀವು ಹೇಳಿದ್ದೆಂತ ಎಂದು ಒಬ್ಬರೂ ಕೇಳಿದ್ದಿಲ್ಲ. ನಿನ್ನೆ ಊಟದ ಪಂಕ್ತಿಯಲ್ಲಿ ಎಲ್ಲರೂ ನಿಲ್ಲಿಸಿ ಗಂಟಲು ಹೇಗುಂಟು ಎಂದು ಕೇಳುವವರೇ. ಎದುರು ಪಕ್ಷದವರ ಮನೆಯ ಹೆಂಗಸರೂ ಕೇಳಿದರು ಮಾರಾಯ್ರೆ! ನನ್ನನ್ನು ಇನ್ನೊಮ್ಮೆ ಕರೆಯಿರಿ. ಈ ಸಲ ಮನೆಯವರಲ್ಲಿ ಸರಿಯಾಗಿ ಕಲಿತು ಬರುತ್ತೇನೆ."

ಅಷ್ಟರಲ್ಲಿ ಎದುರು ಪಕ್ಷದಿಂದಲೂ ಬೇಡಿಕೆ ಬಂದಾಗಿತ್ತು. ಅವರ ನಾಯಕರಿಗೆ ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿ ಮಾಡಬೇಕಂತೆ, ಸಾರ್ವಜನಿಕ ರೇಡಿಯೋದಲ್ಲಿ ಸಮಾನ ಅವಕಾಶ ಬೇಕಂತೆ. ಇವರಿಗೆ ಕೊಟ್ಟಷ್ಟೇ ನಿಮಿಷ, ಬೇಕಾದರೆ ಅಷ್ಟೇ ಕೆಮ್ಮು. ಮುಖ್ಯಸ್ಥರಿಗೆ ಇದ್ದಕ್ಕಿದ್ದಂತೆ ಜೀವ ಬಂತು. ನಿಯಮದ ಪುಸ್ತಕವನ್ನು ಎದೆಗವಚಿಕೊಂಡು ಇಬ್ಬರಿಗೂ ಇಲ್ಲ ಎಂದರು. ತಮ್ಮ ಸರ್ವೀಸಿನಲ್ಲೇ ರಾಜಕೀಯದವರಿಗೆ ಇಲ್ಲ ಎಂದದ್ದು ಅದೇ ಮೊದಲು ಎಂದು ಆಮೇಲೆ ನಮಗೆ ಹೇಳಿದರು. ಆ ದಿನ ಅವರು ಎಲ್ಲರಿಗೂ ಗೋಳಿಬಜೆ ತರಿಸಿದರು.

ವಿಷಯ ರಾಜಧಾನಿಗೂ ಮುಟ್ಟಿರಬೇಕು. ರಾಜಕೀಯ ವ್ಯಕ್ತಿಗಳು ಅಡುಗೆಯ ಕಾರ್ಯಕ್ರಮಗಳಲ್ಲಿ ಭಾಗವಹಿಸತಕ್ಕದ್ದಲ್ಲ ಎಂದು ಒಂದು ಸುತ್ತೋಲೆ ಬಂತು. ಅದನ್ನು ಬರೆದವರು ನಗುತ್ತಾ ಬರೆದರೋ ಗಂಭೀರವಾಗಿ ಬರೆದರೋ ನನಗೆ ಇವತ್ತಿಗೂ ಕುತೂಹಲ.

ಮಳೆ ನಿಂತ ಮೇಲೆ ಎ.ಸಿ.ಯೂ ಬಂತು. ನಾಯಕರು ದೆಹಲಿಯಲ್ಲಿ ಮಾತು ಹೇಳಿದರೋ, ನಮ್ಮ ಫೋನು ಕರೆಗಳ ಸಂಖ್ಯೆ ನೋಡಿ ಮೇಲಿನವರಿಗೇ ಕರುಣೆ ಬಂತೋ ಗೊತ್ತಿಲ್ಲ. ಉದ್ಘಾಟನೆಗೆ ಎರಡೂ ಪಕ್ಷದ ನಾಯಕರು ಬಂದರು. ಗೋಡೆಯ ಮೇಲಿನ ಎ.ಸಿ.ಗೆ ರಿಬ್ಬನ್ ಕಟ್ಟಿ, ಇಬ್ಬರೂ ಸ್ಟೂಲು ಹತ್ತಿ, ಒಂದೇ ಕತ್ತರಿ ಹಿಡಿದು ಕತ್ತರಿಸಿದರು. ಇಬ್ಬರೂ ತಮ್ಮಿಂದಲೇ ಇದು ಬಂದದ್ದು ಎಂದು ಭಾಷಣ ಮಾಡಿದರು. ಸುದ್ದಿಗೆ ಇಬ್ಬರ ದನಿಯನ್ನೂ ಸಮ ಸಮ ಕತ್ತರಿಸಿ ಹಾಕಿದೆ.

ಆ ಬೇಸಿಗೆ ನಮ್ಮ ಪ್ರಸಾರ ಒಂದು ಮಧ್ಯಾಹ್ನವೂ ನಿಲ್ಲಲಿಲ್ಲ. ಸ್ಟುಡಿಯೋದಲ್ಲಿ ಮಾತ್ರ ಹಳೆಯ ಫ್ಯಾನೇ ತಿರುಗುತ್ತಿತ್ತು, ಯಂತ್ರಕ್ಕೆ ಸಿಕ್ಕ ಅನುದಾನ ಮನುಷ್ಯರಿಗೆ ಸಿಗುವುದಿಲ್ಲವಲ್ಲ. ಊಟವಾದ ಮೇಲೆ ಬಾಯಿ ಮತ್ತು ನಾನು ಟ್ರಾನ್ಸ್‌ಮಿಟರ್ ಕೋಣೆಗೆ ಹೋಗಿ ನಿಲ್ಲುತ್ತಿದ್ದೆವು. ಅಲ್ಲಿ ಹೊರಗಿನವರಿಗೆ ಪ್ರವೇಶವಿಲ್ಲ ಎಂದು ಬೋರ್ಡು ಉಂಟು. ಒಂದು ದಿನ ಮುಖ್ಯಸ್ಥರು ನಮ್ಮನ್ನು ಹಿಡಿದೇಬಿಟ್ಟರು. ಬೋರ್ಡನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿದರು. ಮತ್ತೆ ಹೊರಗೆ ಹೋಗಿ ತಮಗೊಂದು ಕುರ್ಚಿ ತಂದು, ಬಾಗಿಲು ಹಾಕಿಕೊಂಡು ಕೂತರು.