ಕಪ್ಪು ಚೌಕಟ್ಟಿನ ಕೆನಡಾದವರು

ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಹೈಸ್ಕೂಲಿನ ಆಡಳಿತ ಮಂಡಳಿ ಅಧ್ಯಕ್ಷರಿಗೆ ಯಾರೋ ಒಂದು ಇಂಗ್ಲಿಷ್ ಪುಸ್ತಕ ಕೊಟ್ಟರು. ಕೆನಡಾದ ಮಹನೀಯರ ಚರಿತ್ರೆ: ಪ್ರಧಾನಿಗಳು, ರೈಲು ಹಳಿ ಹಾಕಿಸಿದವರು, ಕಾಗದದ ಗಿರಣಿಯವರು. ಗದಗಿನಲ್ಲಿ ಎಣ್ಣೆ ಗಿರಣಿ ಇಟ್ಟಿದ್ದ ಅಧ್ಯಕ್ಷರಿಗೆ ಇವರೆಲ್ಲ ತಮ್ಮ ಬೀಗರೇ ಅನ್ನಿಸಿತು.

“ಮಾಸ್ತರ್, ಇದನ್ನ ಕನ್ನಡಕ್ಕ ತರ್ರಿ. ಕಡೀಕ ನಂದೂ ಒಂದು ಸೇರಸ್ರಿ. ಬಿಡುಗಡಿ ದಿನಾನ ನಿಮ್ಮ ಖಾಯಂ ಆರ್ಡರ್ ಕೊಡ್ತೀನಿ,” ಅಂದರು. ಆರು ವರ್ಷ ಹಂಗಾಮಿ ಮಾಸ್ತರನಾಗಿದ್ದ ನನಗೆ ಕೆನಡಾ ಒಮ್ಮೆಲೇ ಸ್ವಂತ ಊರಾಯಿತು.

ತೊಂದರೆ ಬಂದದ್ದು ಒಬ್ಬರಿಂದ. ಅವರು ಅಲ್ಲಿಯ ಮೂಲನಿವಾಸಿಗಳ ಮುಖಂಡರು. ಸರ್ಕಾರ ಕಸಿದುಕೊಂಡ ತಮ್ಮ ಜನರ ನೆಲಕ್ಕಾಗಿ ಜೀವಮಾನವೆಲ್ಲ ಅರ್ಜಿ ಹಿಡಿದು ಅಲೆದವರು. ಅಸುಂಡಿ ಕಡೆ ಊರ ದನ ಮೇಯುವ ಜಾಗಕ್ಕೆ ತಮ್ಮ ಬೇಲಿ ಹಾಕಿಸಿದ್ದ ಅಧ್ಯಕ್ಷರು ಕರಡಚ್ಚು ಓದಿಸಿಕೊಂಡು, “ಇಂವಾ ಏನ್ ದೊಡ್ಡ ಮನಶ್ಯಾರಿ? ತಗೀರಿ,” ಅಂದರು. ತೆಗೆಸಿದೆ. ಹಂಗಾಮಿ ನೌಕರನ ಬೆನ್ನೆಲುಬೂ ಹಂಗಾಮಿಯೇ.

ಬೆಟಗೇರಿಯ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು ಅಸುಂಡಿಯ ಮುಸ್ಲಿಂ ಹಿರಿಯರು. ಚಾಚಾ ಅನ್ನುತ್ತಿದ್ದೆವು. ಬರೆದು ಕೊಟ್ಟದ್ದನ್ನು ಇದ್ದಂತೆ ಜೋಡಿಸುವುದು ಅವರ ಪದ್ಧತಿ, ಪ್ರಶ್ನೆ ಕೇಳುವ ಚಾಳಿಯಿಲ್ಲ. ತೀರಿಕೊಂಡವರ ಫೋಟೊ ಸುತ್ತ ಕಪ್ಪು ಚೌಕಟ್ಟು ಹಾಕುವುದು ನಮ್ಮ ಕಡೆಯ ರೂಢಿ. ಕೆನಡಾದವರೆಲ್ಲ ತೀರಿಹೋಗಿದ್ದರು. ಮಹಾ ಜಾಣನಾದ ನಾನು ಚೀಟಿ ಬರೆದೆ: ‘ಎಲ್ಲ ಫೋಟೊಗಳಿಗೂ ಕಪ್ಪು ಚೌಕಟ್ಟು.’

ಬಿಡುಗಡೆಯ ದಿನ ಅಧ್ಯಕ್ಷರು ವೇದಿಕೆಯ ಮೇಲೆ ಪುಸ್ತಕ ತೆರೆದರು. ಕೊನೆಯ ಪುಟದಲ್ಲಿ, ದಪ್ಪ ಕಪ್ಪು ಚೌಕಟ್ಟಿನೊಳಗೆ, ತಾವೇ ನಗುತ್ತಿದ್ದರು. ಕುರ್ತಕೋಟಿಯಿಂದ ಬಂದಿದ್ದ ಅವರ ಸೋದರತ್ತೆ ಆ ಪುಟ ನೋಡಿದ್ದೇ ತಡ, ಸೋದರಳಿಯ ಎದುರಿಗೇ ವೇದಿಕೆಯ ಮೇಲಿದ್ದದ್ದನ್ನೂ ಮರೆತು, ಬಾಯಿಗೆ ಸೆರಗು ಹಚ್ಚಿ ಅತ್ತರು. ನನ್ನ ಆರ್ಡರು ಅಧ್ಯಕ್ಷರ ಜೇಬಿನಿಂದ ಹೊರಗೆ ಬರಲೇ ಇಲ್ಲ.

ಸಿಟ್ಟಿನಿಂದ ಪ್ರೆಸ್ಸಿಗೆ ಹೋದೆ. ಚಾಚಾ ನನ್ನದೇ ಚೀಟಿ ತೋರಿಸಿದರು. “ಎಲ್ಲಾಕ್ಕೂ ಅಂತ ನೀವ ಬರದ ಕೊಟ್ಟೀರಲ್ರಿ.” ಆಮೇಲೆ ಮೂಲೆಯಿಂದ ದಾರ ಕಟ್ಟಿಟ್ಟ ಎರಡು ಪುಟದ ಮೊಳೆಗಳನ್ನು ಜೋಪಾನವಾಗಿ ತಂದು ಮುಂದಿಟ್ಟರು. ನಾನು ತೆಗೆಸಿದ್ದ ಆ ಮುಖಂಡರ ಚರಿತ್ರೆ.

“ಇದನ್ನ ಬಿಚ್ಚಾಕ ಮನಸ ಆಗಲಿಲ್ರಿ. ಅವರಿಗೆ ನೆಲ ತಿರುಗಿ ಸಿಕ್ತೇನ್ರಿ, ಮಾಸ್ತರ್?”

ಸಿಕ್ಕಿರಲಿಲ್ಲ. ಅವರ ನೆಲ ತೆಗೆದುಕೊಂಡವರಿಗೆ ರೈಲಾದರೂ ಸಿಕ್ಕಿತು. ಅವರ ಎರಡು ಪುಟ ತೆಗೆಸಿದ ನನಗೆ ಹಂಗಾಮಿ ನೌಕರಿಯೂ ಉಳಿಯಲಿಲ್ಲ.