ಪಾಲು ಮಾಡಿಕೊಟ್ಟವರು

ಬೇರೆಯವರ ಬಾಯಲ್ಲಿ ಎಲೆಯಡಿಕೆ ಇರುವ ಜಾಗದಲ್ಲಿ ಅವರಿಗೆ ಒಂದು ಸ್ಕ್ರೂ ಇರುತ್ತಿತ್ತು. ಅದನ್ನು ತುಟಿಯ ಮೂಲೆಯಲ್ಲಿ ಕಚ್ಚಿಕೊಂಡೇ ಮಾತಾಡುತ್ತಿದ್ದರು. ಎಲ್ಲಿ ನುಂಗಿಬಿಡುತ್ತಾರೋ ಎಂದು ನನಗೆ ಜೀವ ಹೊಡೆದುಕೊಳ್ಳುತ್ತಿತ್ತು. "ಹೊರಗಿಟ್ರೆ ಕಳೀತದೆ ತಂಗೀ" ಎನ್ನುತ್ತಿದ್ದರು.

ಕೋಣಂದೂರಿನಲ್ಲಿ ಅವರದ್ದು ಕಂಪ್ಯೂಟರ್ ರಿಪೇರಿ ಅಂಗಡಿ. ನಾನು ಹೊಸನಗರದಲ್ಲಿ ಅರ್ಜಿ ಟೈಪ್ ಮಾಡಿಕೊಡುವವಳು. ನನ್ನ ಗಂಡ, ಇವರು, ತೀರಿಹೋದ ಮೇಲೆ ಇವರದ್ದೇ ಕಂಪ್ಯೂಟರಿನಲ್ಲಿ ಕೆಲಸ ಶುರುಮಾಡಿದ್ದೆ. ಅದರ ಹಳೇ ವಿಂಡೋಸಿನಲ್ಲಿ ಈಗಿನ ಫಾರಂ ಒಂದೂ ತೆರೆಯುತ್ತಿರಲಿಲ್ಲ. ಕೇಳಿದವರೆಲ್ಲ ಹೇಳಿದ್ದು ಒಂದೇ: ಎಲ್ಲ ಅಳಿಸಿ ಫಾರ್ಮ್ಯಾಟ್ ಹೊಡೆಸಿ, ಫೋಟೋ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಬರೀ ಫೋಟೋ ಯಾರಿಗೆ ಬೇಕಿತ್ತು! ಸ್ವಿಚ್ ಹಾಕಿದರೆ ಅದು ಇವರು ಬಿಟ್ಟುಹೋದ ಹಾಗೇ ಏಳಬೇಕು. ಪರದೆ ತುಂಬ ಇವರು ಸೊಟ್ಟಸೊಟ್ಟ ಹರಡಿದ್ದ ಫೈಲುಗಳು, 'ಆಮೇಲೆ ನೋಡುವ' ಎಂದು ಹೆಸರಿಟ್ಟಿದ್ದ ಫೋಲ್ಡರು, ಎಲ್ಲ ಅಲ್ಲಲ್ಲೇ ಇರಬೇಕು. ಇವರು ಇಟ್ಟ ಹಾಗೇ ಉಳಿದದ್ದು ನನ್ನ ಪಾಲಿಗೆ ಅದೊಂದೇ.

ಸಿಪಿಯು ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಅಳಿಸೋದೆಂತಕ್ಕೆ? ಅದು ಅದರ ಪಾಡಿಗಿರ್ಲಿ, ಪಕ್ಕದಲ್ಲಿ ಲಿನಕ್ಸ್ ಅಂತ ಇನ್ನೊಂದು ಸಿಸ್ಟಂ ಹಾಕುವ, ಹೊಸ ಫಾರಂ ಅದ್ರಲ್ಲಿ ತೆರೀತದೆ. ಡಿಸ್ಕನ್ನ ಪಾಲು ಮಾಡ್ಬೇಕು ಅಷ್ಟೆ. ಯಜಮಾನರ ಪಾಲು ಸ್ವಲ್ಪ ಕುಗ್ಗಿಸ್ತೀನಿ."

ಪಾಲು ಎಂದದ್ದೇ ತಡ, ನನಗೆ ಮೈಯೆಲ್ಲ ಉರಿಯಿತು. ವರ್ಷಾಂತಿಕಕ್ಕೂ ಮೊದಲೇ ಮೈದುನಂದಿರು ಆಸ್ತಿ ಪಾಲಿನ ಮಾತೆತ್ತಿ, ಇವರ ಭಾಗವನ್ನು ಕುಗ್ಗಿಸಿಯೇ ಬಿಟ್ಟಿದ್ದರು. "ಅವ್ರದ್ದು ಕುಗ್ಸಿದ್ದು ಸಾಕಾಗ್ಲಿಲ್ವಾ? ನೀವೂ ಶುರು ಮಾಡಿದ್ರಾ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿಬಿಟ್ಟೆ.

ಅವರು ಬಾಯಿಂದ ಸ್ಕ್ರೂ ತೆಗೆದರು. ಪರದೆಯ ಮೇಲೆ ಡಿಸ್ಕಿನ ಜಾಗ ತೋರಿಸುವ ಒಂದು ಉದ್ದ ಪಟ್ಟಿ ತೋರಿಸಿದರು. ಅರ್ಧ ತುಂಬಿತ್ತು, ಅರ್ಧ ಬೆಳ್ಳಗಿತ್ತು.

"ತುಂಬಿದ್ದು ಅವ್ರದ್ದು, ಅದನ್ನ ಮುಟ್ಟೋದಿಲ್ಲ. ಅವರು ಖಾಲಿ ಬಿಟ್ಟು ಹೋದ ಜಾಗ ಇದ್ಯಲ್ಲ, ಅದ್ರಲ್ಲಿ ನೀವಿರಿ."

ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ಅವರು ಫ್ಯಾನನ್ನು ನನ್ನ ಕಡೆ ತಿರುಗಿಸಿ ಕೆಲಸಕ್ಕೆ ಕೂತರು.

ಸಂಜೆ ಹೊತ್ತಿಗೆ ಸ್ವಿಚ್ ಹಾಕಿದರೆ ಕಪ್ಪು ಪರದೆಯಲ್ಲಿ ಎರಡು ಸಾಲು. ಇಂಗ್ಲಿಷ್ ಅಕ್ಷರದಲ್ಲಿ ಒಂದು 'ಯಜಮಾನರು', ಇನ್ನೊಂದು 'ನೀವು'. "ಬೇರೆಯವರದ್ದಾದ್ರೆ ಸ್ವಲ್ಪ ಹೊತ್ತು ನೋಡಿ ತಾನೇ ಒಂದನ್ನ ಆರಿಸ್ಕೊಳ್ತದೆ. ನಿಮ್ದಕ್ಕೆ ಆ ಗಡಿಬಿಡಿ ತೆಗೆದಿದೀನಿ. ನೀವು ಹೇಳೋತನಕ ಕಾಯ್ತದೆ" ಎಂದರು.

ಆಮೇಲೆ ಡಬ್ಬದ ಧೂಳು ಹೊಡೆಸುವ ನೆಪದಲ್ಲಿ ಆಗಾಗ ಹೋಗುತ್ತಿದ್ದೆ. ಅವರದ್ದೂ ಒಂಟಿ ಜೀವವೇ. ಊಟದ ಡಬ್ಬಿ ಬಿಚ್ಚಿ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದರು. "ನಂದೊಂದೇ ಸಿಸ್ಟಂ ತಂಗೀ, ಪಾಲು ಕೇಳೋರಿಲ್ಲ" ಎಂದು ನಗುತ್ತಿದ್ದರು. ನನ್ನನ್ನು ಕಂಡ ಕೂಡಲೇ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಯಜಮಾನರು ಸರಿಯಾಗಿ ಏಳ್ತಿದಾರಾ?"

ಅಷ್ಟು ಹೊತ್ತಿಗೆ ನೆಂಟರ ಬಾಯಲ್ಲಿ ಇವರ ಹೆಸರೇ ನಿಂತುಹೋಗಿತ್ತು. ಇವರು ಇನ್ನೂ ಇದ್ದಾರೆ ಎಂಬ ಹಾಗೆ ಕೇಳುತ್ತಿದ್ದವರು ಆ ಒಬ್ಬರೇ. ಆ ಒಂದು ಮಾತು ಕೇಳಿಸಿಕೊಳ್ಳಲೆಂದೇ ನಾನು ಬಸ್ಸು ಹತ್ತುತ್ತಿದ್ದೆ, ಸುಳ್ಳೇಕೆ ಹೇಳಲಿ.

ಹೋದ ಸಲ ಹೋದಾಗ ಬಾಗಿಲು ಹಾಕಿತ್ತು. "ಅವ್ರು ತೀರ್ಕೊಂಡು ಹದಿನೈದು ದಿನ ಆಯ್ತಲ್ಲ, ಗೊತ್ತಾಗ್ಲಿಲ್ವಾ?" ಎಂದರು ಪಕ್ಕದ ಹೋಟೆಲಿನವರು. ನನಗೆ ತಿಳಿಸುವವರಾದರೂ ಯಾರು? ಡಬ್ಬ ಹೊತ್ತುಕೊಂಡು ವಾಪಸು ಬಂದೆ.

ಮನೆಗೆ ಬಂದು ಸ್ವಿಚ್ ಹಾಕಿದೆ. ಎರಡು ಸಾಲು ಬಂದು ನಿಂತವು. ತುಂಬ ಹೊತ್ತು ಏನನ್ನೂ ಒತ್ತಲಿಲ್ಲ; ಅದು ಕಾಯುತ್ತಲೇ ಇತ್ತು. ಕೊನೆಗೆ ಮೊದಲನೆಯದನ್ನು ಒತ್ತಿದೆ. ಫೈಲುಗಳು ಸೊಟ್ಟಸೊಟ್ಟಗೆ ಬಂದು ಕೂತವು.

"ಏಳ್ತಿದಾರೆ ಅಣ್ಣಾ" ಎಂದೆ, ಖಾಲಿ ಕೋಣೆಯಲ್ಲಿ, ಗಟ್ಟಿಯಾಗಿಯೇ. "ಸರಿಯಾಗೇ ಏಳ್ತಿದಾರೆ."