ಪಾಕೀಟಿನ ಹಸಿರು

ಅತ್ತೆಯ ರೆಪ್ಪೆಗಳ ಮೇಲೆ ಸದಾ ಕೆಂಪು ಧೂಳು ಕೂತಿರುತ್ತಿತ್ತು. ಗಿರಣಿಯಲ್ಲಿ ಖಾರ ಬೀಸಿಸಿಕೊಂಡು ಬಂದು, ಮುಖ ತೊಳೆದು, ಹಣೆತುಂಬ ವಿಭೂತಿ ಹಚ್ಚಿಕೊಂಡರೂ ರೆಪ್ಪೆ ಮಾತ್ರ ಕೆಂಪಗೇ. ಕಣ್ಣು ಉರಿಯುವುದಿಲ್ಲವೇ ಎಂದು ಮದುವೆಯಾಗಿ ಬಂದ ಹೊಸತರಲ್ಲಿ ಕೇಳಿದ್ದೆ. ಉರಿದರೆ ಉರಿಯಲಿ, ಅದಕ್ಕಾದರೂ ಬೇರೆ ಏನು ಕೆಲಸ ಎಂದಿದ್ದರು. ಅವರ ಮಾತೇ ಹಾಗೆ. ಹಾನಗಲ್ಲಿನ ನಮ್ಮ ಓಣಿಯಲ್ಲಿ ಅವರ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕೊಳ್ಳಲು ಬಂದವರು ಎರಡು ಮಾತು ಅನ್ನಿಸಿಕೊಂಡೇ ಒಯ್ಯುತ್ತಿದ್ದರು.

ನಾನು ಶಿಗ್ಗಾಂವಿಯವಳು. ಕಂಪ್ಯೂಟರಿನಲ್ಲಿ ಅಂಗಡಿಗಳ ಬೋರ್ಡು, ಪಾಕೀಟು, ಲೋಗೋ ಮಾಡಿಕೊಡುವುದು ನನ್ನ ಕೆಲಸ. ಯಾವ ಬಣ್ಣ ಗಿರಾಕಿಯ ಮನಸ್ಸಿಗೆ ಏನು ಮಾಡುತ್ತದೆಂದು ಓದಿ ಕಲಿತವಳು. ಕೆಂಪು ಹಸಿವು ಕೆರಳಿಸುತ್ತದೆ, ಹಳದಿ ದೂರದಿಂದಲೇ ಕರೆಯುತ್ತದೆ, ನೀಲಿ ನಂಬಿಕೆ ಹುಟ್ಟಿಸುತ್ತದೆ. ಹಂಸಭಾವಿಯ ಬೇಕರಿಯವರನ್ನೂ ಹಿರೇಕೆರೂರಿನ ಬೀಜದ ಅಂಗಡಿಯವರನ್ನೂ ಇದನ್ನೇ ಹೇಳಿ ಒಪ್ಪಿಸಿದ್ದೆ. ಗಂಡ ತೀರಿಕೊಂಡ ಮೇಲೆ ಈ ಪಾಠ ಬಾಯಲ್ಲಷ್ಟೇ ಉಳಿಯಿತು. ನನಗೆ ಯಾವ ಬಣ್ಣವೂ ಏನೂ ಮಾಡುತ್ತಿರಲಿಲ್ಲ. ಎದೆನೋವೆಂದು ಕಟ್ಟೆಯ ಮೇಲೆ ಕೂತವರು ಏಳಲೇ ಇಲ್ಲ. ನಾನು ಅಳಲೂ ಇಲ್ಲ. ಬಂದ ಹೆಂಗಸರು ಹಣೆಯ ಕುಂಕುಮ ಒರೆಸಿದರು, ಬಳೆ ತೆಗೆಯಬೇಕು ಕೈ ಚಾಚು ಎಂದರು. ಚಾಚಿದೆ.

ವರ್ಷ ತುಂಬುವ ಮೊದಲೇ ಅತ್ತೆ, ನನ್ನ ಚಟ್ನಿಗೂ ಒಂದು ಪಾಕೀಟು ಮಾಡಿಕೊಡು ಎಂದು ಗಂಟುಬಿದ್ದರು. ಬೂದು, ಕಂದು, ಮಾಸಲು ಬಿಳಿ ಹಾಕಿ ತೋರಿಸಿದೆ. ಇವುಗಳಿಂದ ಮಾಲು ಬೆಲೆಬಾಳುವಂಥದ್ದು ಅನಿಸುತ್ತದೆ ಎಂದು ವಾದವನ್ನೂ ಮಾಡಿದೆ. ಪಕ್ಕದ ಮನೆಯ ಕಾಕು ನೋಡಿ, ಥೇಟ್ ಗೊಬ್ಬರದ ಚೀಲ ಎಂದು ನಕ್ಕರು. ಅತ್ತೆ ನಗಲಿಲ್ಲ. ಒಮ್ಮೆ ಪರದೆಯನ್ನು, ಒಮ್ಮೆ ನನ್ನನ್ನು ನೋಡಿದರು.

"ಹಸರ ಹಾಕವಾ."

ಖಾರದ ಪದಾರ್ಥಕ್ಕೆ ಹಸಿರು ಒಪ್ಪುವುದಿಲ್ಲ, ಔಷಧಿ ಅಂದುಕೊಳ್ಳುತ್ತಾರೆ ಎಂದೆ. ಅವರು ಹಟ ಬಿಡಲಿಲ್ಲ. ನಾನು ತೋರಿಸಿದ ಹಸಿರುಗಳನ್ನೂ ಒಪ್ಪಲಿಲ್ಲ. ಒಂದು ಪಾಚಿಯಂತೆ, ಇನ್ನೊಂದು ದವಾಖಾನೆಯ ಪರದೆಯಂತೆ, ಮತ್ತೊಂದು ಯಾರೋ ಮೂಗೊರೆಸಿದ ಟವೆಲ್ಲಿನಂತೆ. ಕೊನೆಗೆ, ಬಳೆ ಅಂಗಡಿಯಲ್ಲಿ ಎಲ್ಲ ಹಸಿರೂ ಸಿಗುತ್ತವೆ ನಡಿ ಎಂದು ಎಬ್ಬಿಸಿದರು. ಹಾನಗಲ್ಲಿನ ಅಂಗಡಿಗಳನ್ನು ಬಿಟ್ಟು ಸವಣೂರಿನ ಬಸ್ಸು ಹತ್ತಿಸಿದರು. ಯಾಕೆಂದು ಕೇಳುವ ಹುರುಪು ನನಗಿರಲಿಲ್ಲ.

ಬಳೆಗಾರ ನಮ್ಮಿಬ್ಬರ ಕುಂಕುಮವಿಲ್ಲದ ಹಣೆ, ಬರಿಗೈ ನೋಡಿ ಡಬ್ಬಿಯ ಮೇಲಿಟ್ಟ ಕೈಯನ್ನು ಹಾಗೇ ನಿಲ್ಲಿಸಿದ. ಬಳೆ ಯಾರಿಗೆಂದು ಮೆಲ್ಲಗೆ ಕೇಳಿದ.

"ಚಟ್ನಿ ಪಾಕೀಟಿಗ್ರಿ," ಎಂದರು ಅತ್ತೆ. "ಬಣ್ಣ ಆರಸಾಕ ಬಂದೇವಿ. ಡಬ್ಬ್ಯಾಗಿದ್ರ ತಿಳಿಯೂದಿಲ್ಲ. ಈಕಿ ಕೈಗೆ ಇಟ್ಟು ತೋರ್ಸ್ರಿ."

ಅವನಿಗೆ ಏನು ಅರ್ಥವಾಯಿತೋ, ಇಡತೊಡಗಿದ. ಒಂದು ಬಣ್ಣ ಇಟ್ಟು ತೆಗೆದ, ಇನ್ನೊಂದು ಇಟ್ಟ. ಗಾಜು ತಣ್ಣಗಿತ್ತು. ನನಗೆ ಅಷ್ಟೇ ತಿಳಿದದ್ದು. ಗಾಢ ಹಸಿರಿನ ಬಳೆ ಬಂದಾಗ ಅತ್ತೆ ನನ್ನ ಕೈಯನ್ನು ಬಾಗಿಲಿನ ಬೆಳಕಿಗೆ ತಿರುಗಿಸಿ ನೋಡಿ, ಇದೇ ಎಂದರು. ತೆಗೆಯಹೋದರೆ ಬಿಡಲಿಲ್ಲ. ಮನೆಗೆ ಹೋಗಿ ಕಂಪ್ಯೂಟರಿನ ಮುಂದೆ ಹಿಡಿದು ಬಣ್ಣ ಹೊಂದಿಸಬೇಕಲ್ಲ ಎಂದರು. ಹೊಂದಿಸಿದೆ. ಆಮೇಲೆ, ಅಚ್ಚಾಗಿ ಬಂದ ಮೇಲೆ ತಾಳೆ ನೋಡಬೇಕು, ಅಲ್ಲಿಯವರೆಗೆ ಇರಲಿ ಎಂದರು. ಅಚ್ಚಾಗಿ ಬಂತು. ಮುಂದಿನ ಸಲ ಅಚ್ಚಿನವನು ಬಣ್ಣ ಕೆಡಿಸಿದರೆ ಏನು ಗತಿ ಎಂದರು. ಹೀಗೆ ಬಳೆ ನನ್ನ ಕೈಯಲ್ಲೇ ಉಳಿಯಿತು. ಓಣಿಯ ಹೆಂಗಸರು ಹುಬ್ಬೇರಿಸಿದರೆ ಅತ್ತೆಯದು ಒಂದೇ ಉತ್ತರ, ಅದು ಪಾಕೀಟಿನ ಬಣ್ಣ. ಇನ್ನೂ ಕೆದಕಿದವರಿಗೆ ಆ ವಾರ ಚಟ್ನಿ ತೀರಿಹೋಗಿರುತ್ತಿತ್ತು.

ಪಾಕೀಟು ಗೊಟಗೋಡಿಯವರೆಗೂ ಅಂಗಡಿಗಳಲ್ಲಿ ತೂಗಾಡಿತು. ನನ್ನ ಪಾಠದ ಪ್ರಕಾರ ಓಡಬಾರದಿತ್ತು, ಓಡಿತು. ನನಗೆ ಸಂತೋಷವಾಯಿತೆಂದು ಹೇಳಲಾರೆ. ಆದರೆ ಬೆಳಗ್ಗೆ ಏಳುವುದು, ಅಂಗಡಿಗಳಿಗೆ ಹೋಗುವುದು, ಎದುರು ಬಂದವರ ಮುಖ ನೋಡಿ ಮಾತಾಡುವುದು, ಇವೆಲ್ಲ ತಿರುಗಿ ಬಂದದ್ದು ಆ ಬಳೆಯ ನಂತರ.

ಒಂದು ಮಧ್ಯಾಹ್ನ ಇಬ್ಬರೂ ಕೂತು ಪಾಕೀಟಿನ ಬಾಯಿ ಮುಚ್ಚುತ್ತಿದ್ದೆವು. ನನ್ನ ಗಂಡ ತೊಟ್ಟಿಲಲ್ಲಿದ್ದಾಗಲೇ ಅತ್ತೆ ವಿಧವೆಯಾದವರು. ಅವತ್ತು ಅಂಗಡಿಯಲ್ಲಿ ನೀವೂ ಬಳೆ ಯಾಕೆ ಇಡಿಸಿಕೊಳ್ಳಲಿಲ್ಲ ಎಂದು ಕೇಳಿದೆ. ಅವರು ಕೈಯ ಕೆಲಸ ನಿಲ್ಲಿಸಲಿಲ್ಲ.

"ನಮ್ಮತ್ತಿ ನನ್ನ ಸವಣೂರಿಗೆ ಕರ್ಕೊಂಡು ಹೋಗ್ಲಿಲ್ಲ, ಯವ್ವಾ."

ಮುಂದಿನ ವಾರ ನಾನೊಬ್ಬಳೇ ಸವಣೂರಿಗೆ ಹೋಗಿ ಅವರ ಅಳತೆಯೆಂದು ಎರಡು ಬಳೆ ತಂದೆ. ಕೊಡುವುದು ಹೇಗೆಂದು ತಿಳಿಯಲಿಲ್ಲ. ಅವರಿಗೆ ಪಾಕೀಟಿನ ನೆಪ ಹೊಳೆದಿತ್ತು, ನನಗೆ ಯಾವ ನೆಪವೂ ಹೊಳೆಯಲಿಲ್ಲ. ಬಳೆ ಟ್ರಂಕಿನಲ್ಲೇ ಇದ್ದವು. ಹೋದ ಚಳಿಗಾಲದಲ್ಲಿ ಅತ್ತೆ ಮಲಗಿದಲ್ಲೇ ಹೋಗಿಬಿಟ್ಟರು.

ಮೈ ತೊಳೆಯುವಾಗ ಬಳೆ ತಂದೆ. ಹೆಂಗಸರು ಯಾರೂ ಬೇಡ ಎನ್ನಲಿಲ್ಲ. ರೊಟ್ಟಿ ಬಡಿದು ದಪ್ಪವಾಗಿದ್ದ ಗೆಣ್ಣುಗಳನ್ನು ಬಳೆ ದಾಟಲಿಲ್ಲ. ಮೊದಲನೆಯದು ನನ್ನ ಕೈಯಲ್ಲೇ ಮುರಿಯಿತು. ಕಾಕು ಎದ್ದುಹೋಗಿ ಸೋಪಿನ ನೀರು ತಂದು, ಅತ್ತೆಯ ಕೈಯನ್ನು ತಾವೇ ಒತ್ತಿ ಹಿಡಿದು, ಈಗ ಮೆಲ್ಲಗೆ ತಳ್ಳು ಎಂದರು. ಎರಡನೆಯದು ಕೈಗೇರಿತು. ಅಳು ಆಗಲೂ ಬರಲಿಲ್ಲ. ಹೊತ್ತಾಯಿತು, ಇನ್ನು ಕೈ ಬಿಡು ಎಂದು ಎಲ್ಲರೂ ಹೇಳುತ್ತಿದ್ದರು. ನಾನು ಬಿಡಲಿಲ್ಲ.